ಅರವತ್ತನಾಲ್ಕು ಒಂದುಗಳೊಳಗಿನ ಏಳು ಅವಿಭಾಜ್ಯಗಳು

ಬೋರ್ಡಿನ ಮೇಲಿರುವ ಸಂಖ್ಯೆಯನ್ನು ಮೊದಲು ಒಮ್ಮೆ ಓದೋಣ: 18446744073709551615. ಒಟ್ಟು 20 ಅಂಕೆ. ನಮ್ಮ ಪದ್ಧತಿಯಲ್ಲಿ ಅಲ್ಪವಿರಾಮ ಹಾಕಿದರೆ 1,84,46,74,40,73,70,95,51,615. ಬಾಯಲ್ಲಿ ಹೇಳುವುದಾದರೆ ಸುಮಾರು 1,84,467 ಕೋಟಿ ಕೋಟಿ. ಕೋಟಿ ಎಂಬ ಮಾತು ಎರಡು ಸಲ ಬಂದಿದೆ, ಗಮನಿಸಿ.

ಇದು 2⁶⁴ − 1. ಚದುರಂಗದ ಹಾಸಿನ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ದ್ವಿಗುಣ ಮಾಡುತ್ತ 64 ಮನೆ ತುಂಬಿಸಿದರೆ ಬರುವ ಮೊತ್ತ. ಒಂದು ಅಕ್ಕಿಕಾಳಿಗೆ 25 ಮಿಲಿಗ್ರಾಂ ಎಂದು ಹಿಡಿದರೆ ಸುಮಾರು 46,000 ಕೋಟಿ ಟನ್ ಆಗುತ್ತದೆ. ಇಡೀ ಜಗತ್ತು ಈಗ ವರ್ಷಕ್ಕೆ ಬೆಳೆಯುವ ಅಕ್ಕಿ 50 ಕೋಟಿ ಟನ್‌ಗಿಂತ ಸ್ವಲ್ಪ ಹೆಚ್ಚು. ಅಂದರೆ ಹಾಸು ತುಂಬಲು ಹೆಚ್ಚುಕಡಿಮೆ 900 ವರ್ಷದ ಬೆಳೆ ಬೇಕು. ಸುಮಾರು ಕ್ರಿ.ಶ. 1000ರಲ್ಲೇ ಅಲ್‌ಬಿರೂನಿ ಈ ಮೊತ್ತವನ್ನು ಕೊನೆಯ ಅಂಕೆಯವರೆಗೂ ಸರಿಯಾಗಿ ಕೊಟ್ಟಿದ್ದಾನೆ. 64 ಸಲ ಕೂಡುತ್ತ ಕೂರಬೇಕಿಲ್ಲ. 2ನ್ನು ವರ್ಗ ಮಾಡಿ 4, ಅದರ ವರ್ಗ 16, ಆಮೇಲೆ 256, 65536, 4294967296, ಆರನೆಯ ಸಲಕ್ಕೆ 2⁶⁴. ಅದರಿಂದ ಒಂದು ಕಳೆದರಾಯಿತು. ಪಿಂಗಳನ ಛಂದಃಶಾಸ್ತ್ರದಲ್ಲೂ ಲಘು-ಗುರುಗಳ ವಿನ್ಯಾಸ ಎಷ್ಟು ಎಂದು ಎಣಿಸಲು ಇದೇ ದಾರಿಯಿದೆ: ಅಕ್ಷರಸಂಖ್ಯೆಯನ್ನು ಅರ್ಧ ಮಾಡುತ್ತ ಇಳಿಯುವುದು, ವರ್ಗ ಮಾಡುತ್ತ ಏರುವುದು. ಈ ಏರುವ ಮೆಟ್ಟಿಲುಗಳನ್ನು ನೆನಪಿನಲ್ಲಿಡಿ. ಸಂಖ್ಯೆಯನ್ನು ಕಟ್ಟಿದ ಮೆಟ್ಟಿಲುಗಳೇ ಅದನ್ನು ಒಡೆಯಲೂ ಸಿಗುತ್ತವೆ. ಇಂದು ಹೇಳಬೇಕಿರುವುದು ಮುಖ್ಯವಾಗಿ ಇಷ್ಟೇ: ಒಂದು ದೊಡ್ಡ ಸಂಖ್ಯೆಯನ್ನು ಒಡೆಯುವುದು ಸುಲಭವೋ ಕಷ್ಟವೋ ಎಂಬುದು ಅದರಲ್ಲಿ ಎಷ್ಟು ಅಂಕೆಗಳಿವೆ ಎಂಬುದಕ್ಕಿಂತ ಅದು ಹೇಗೆ ಕಟ್ಟಿಕೊಂಡಿದೆ ಎಂಬುದನ್ನು ಹೆಚ್ಚು ಅವಲಂಬಿಸಿದೆ.

ಹೈಸ್ಕೂಲಿನ ಸೂತ್ರ ಸಾಕು. ಎರಡು ವರ್ಗಗಳ ವ್ಯತ್ಯಾಸ ಎಂದರೆ ಮೊತ್ತ ಮತ್ತು ವ್ಯತ್ಯಾಸಗಳ ಗುಣಲಬ್ಧ. 2⁶⁴ ಎಂಬುದು 2³²ರ ವರ್ಗ, 1 ಎಂಬುದು 1ರ ವರ್ಗ. ಹಾಗಾಗಿ

2⁶⁴ − 1 = (2³² + 1)(2³² − 1).

ಬಲಗಡೆಯ 2³² − 1 ಕೂಡ ಅದೇ ಜಾತಿಯದು. ಅದನ್ನು ಮತ್ತೆ ಒಡೆಯಿರಿ, ಉಳಿದದ್ದನ್ನು ಮತ್ತೆ ಒಡೆಯಿರಿ. ಕೊನೆಗೆ ಕೈಯಲ್ಲಿ ಉಳಿಯುವುದು

(2 + 1)(2² + 1)(2⁴ + 1)(2⁸ + 1)(2¹⁶ + 1)(2³² + 1),

ಅಂದರೆ 3 × 5 × 17 × 257 × 65537 × 4294967297.

20 ಅಂಕೆಯ ಸಂಖ್ಯೆ ಒಂದೇ ಸಾಲಿನಲ್ಲಿ ಆರು ತುಂಡಾಯಿತು, ಒಂದು ಭಾಗಾಕಾರವನ್ನೂ ಮಾಡದೆ. ಈ ತುಂಡುಗಳಿಗೆ ಫರ್ಮಾ ಸಂಖ್ಯೆಗಳೆಂದು ಹೆಸರು. ಯಾವ ಎರಡಕ್ಕೂ ಸಾಮಾನ್ಯ ಅಪವರ್ತನವಿಲ್ಲ. ಕಾರಣ ಸುಲಭ: ಪ್ರತಿ ಫರ್ಮಾ ಸಂಖ್ಯೆಯೂ ತನಗಿಂತ ಹಿಂದಿನವೆಲ್ಲದರ ಗುಣಲಬ್ಧಕ್ಕಿಂತ 2 ಹೆಚ್ಚು. 3 × 5 = 15, ಮುಂದಿನದು 17. 3 × 5 × 17 = 255, ಮುಂದಿನದು 257. ಎರಡನ್ನೂ ಭಾಗಿಸುವ ಸಂಖ್ಯೆ ಇದ್ದರೆ ಅದು 2ನ್ನೂ ಭಾಗಿಸಬೇಕು. ಎಲ್ಲವೂ ಬೆಸ ಸಂಖ್ಯೆಗಳಾದ್ದರಿಂದ ಮ.ಸಾ.ಅ. 1 ಎಂದಾಯಿತು.

3, 5, 17, 257, 65537 ಐದೂ ಅವಿಭಾಜ್ಯಗಳು. 17ನೇ ಶತಮಾನದಲ್ಲಿ ಪಿಯೆರ್ ಡಿ ಫರ್ಮಾ ಈ ಸಾಲು ಮುಂದೆಯೂ ಹೀಗೆಯೇ ಅವಿಭಾಜ್ಯಗಳನ್ನೇ ಕೊಡುತ್ತದೆ ಎಂದು ನಂಬಿದ್ದ. ಆರನೆಯದೇ ಆ ನಂಬಿಕೆಯನ್ನು ಮುರಿಯಿತು. 1732ರಲ್ಲಿ ಆಯ್ಲರ್ 4294967297 = 641 × 6700417 ಎಂದು ತೋರಿಸಿದ.

641ನ್ನು ಹುಡುಕುವುದು ಹೇಗೆ? ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಇಡೀ ವಿಷಯದ ಕೀಲಿಕೈ ಇಲ್ಲಿದೆ.

ಯಾವುದಾದರೂ ಬೆಸ ಅವಿಭಾಜ್ಯ ತೆಗೆದುಕೊಂಡು 2ರ ಘಾತಗಳನ್ನು ಅದರಿಂದ ಭಾಗಿಸುತ್ತ ಶೇಷ ಬರೆಯಿರಿ. 7ಕ್ಕೆ 2, 4, 1 ಬಂದು ಮತ್ತೆ 2, 4, 1. ಸುತ್ತಿನ ಉದ್ದ 3. 17ಕ್ಕೆ 2, 4, 8, 16, 15, 13, 9, 1. ಸುತ್ತಿನ ಉದ್ದ 8. 2⁶⁴ − 1 ಆ ಅವಿಭಾಜ್ಯದಿಂದ ಭಾಗವಾಗಬೇಕಾದರೆ 64ನೇ ಹೆಜ್ಜೆಯಲ್ಲಿ ಶೇಷ 1 ಬರಬೇಕು, ಅಂದರೆ ಸುತ್ತಿನ ಉದ್ದ 64ನ್ನು ಸರಿಯಾಗಿ ಭಾಗಿಸಬೇಕು. 3 ಎಂಬುದು 64ನ್ನು ಭಾಗಿಸುವುದಿಲ್ಲ, ಆದ್ದರಿಂದ 7ಕ್ಕೆ ಇಲ್ಲಿ ಜಾಗವಿಲ್ಲ. ನಮಗೆ ಸಿಗುವ ಅವಿಭಾಜ್ಯಗಳ ಸುತ್ತು 2, 4, 8, 16, 32, 64 ಇವುಗಳಲ್ಲೊಂದು ಆಗಿರಲೇಬೇಕು. 3ಕ್ಕೆ 2, 5ಕ್ಕೆ 4, 17ಕ್ಕೆ 8, 257ಕ್ಕೆ 16, 65537ಕ್ಕೆ 32. 2³² + 1ನ್ನು ಭಾಗಿಸುವ ಅವಿಭಾಜ್ಯಕ್ಕೆ 32ನೇ ಹೆಜ್ಜೆಯಲ್ಲಿ ಶೇಷ −1 (ಅಂದರೆ ಭಾಜಕಕ್ಕಿಂತ ಒಂದು ಕಡಿಮೆ), ಆದ್ದರಿಂದ ಸುತ್ತು ನಿಖರವಾಗಿ 64.

ಫರ್ಮಾನ ಕಿರು ಪ್ರಮೇಯದ ಪ್ರಕಾರ ಸುತ್ತಿನ ಉದ್ದವು ಅವಿಭಾಜ್ಯಕ್ಕಿಂತ ಒಂದು ಕಡಿಮೆಯಿರುವ ಸಂಖ್ಯೆಯನ್ನು ಭಾಗಿಸುತ್ತದೆ. ಹಾಗಾದರೆ ನಾವು ಹುಡುಕುವ ಅಪವರ್ತನ 64ರ ಯಾವುದೋ ಗುಣಕಕ್ಕಿಂತ ಒಂದು ಹೆಚ್ಚು ಇರಬೇಕು. ಆ ಸಾಲಿನಲ್ಲಿ ಸಂಯುಕ್ತ ಸಂಖ್ಯೆಗಳನ್ನು ಬಿಟ್ಟರೆ 193, 257, 449, 577, 641. ಐದನೇ ಪ್ರಯತ್ನಕ್ಕೇ ಸಿಕ್ಕಿತು. 1878ರಲ್ಲಿ ಎಡ್ವರ್ಡ್ ಲ್ಯೂಕಾ ಇದನ್ನು ಇನ್ನೂ ಬಿಗಿ ಮಾಡಿ 64ರ ಬದಲು 128 ಎಂದು ತೋರಿಸಿದ. ಆಗ 257 ಆದ ಮೇಲೆ ನೇರವಾಗಿ 641. 257 ಅದಾಗಲೇ ಬೇರೆ ತುಂಡಿನದು, ಆದ್ದರಿಂದ ಮೊದಲ ನಿಜವಾದ ಭಾಗಾಕಾರವೇ ಗೆಲ್ಲುತ್ತದೆ. (ಈ ಲ್ಯೂಕಾನೇ 1883ರಲ್ಲಿ ಹನೋಯ್ ಗೋಪುರದ ಆಟ ಹೊರತಂದವನು. ಕಾಶಿಯ ದೇವಸ್ಥಾನದಲ್ಲಿ 64 ಚಿನ್ನದ ಬಿಲ್ಲೆಗಳಿವೆ ಎಂಬ ಕಥೆ ಆ ಆಟದ ಜೊತೆಗೇ ಫ್ರಾನ್ಸಿನಲ್ಲಿ ಹುಟ್ಟಿದ್ದು. ಅಲ್ಲಿ ಬೇಕಾಗುವ ನಡೆಗಳ ಸಂಖ್ಯೆಯೂ 2⁶⁴ − 1.)

641 ಭಾಗಿಸುತ್ತದೆ ಎಂಬುದನ್ನು ಉದ್ದ ಭಾಗಾಕಾರವಿಲ್ಲದೆ ಹೀಗೆ ನೋಡಬಹುದು. 641 = 5 × 2⁷ + 1. ಹಾಗೆಯೇ 641 = 5⁴ + 2⁴, ಅಂದರೆ 625 + 16. ಮೊದಲನೆಯದರ ಪ್ರಕಾರ 5 × 2⁷ಕ್ಕೆ 641ರಿಂದ ಶೇಷ −1. ಅದನ್ನು ನಾಲ್ಕನೇ ಘಾತಕ್ಕೆ ಏರಿಸಿದರೆ 5⁴ × 2²⁸ಕ್ಕೆ ಶೇಷ 1. ಎರಡನೆಯದರ ಪ್ರಕಾರ 5⁴ರ ಜಾಗದಲ್ಲಿ −2⁴ ಹಾಕಬಹುದು. ಆಗ −2³²ಕ್ಕೆ ಶೇಷ 1, ಅಂದರೆ 2³² + 1ಕ್ಕೆ ಶೇಷ ಸೊನ್ನೆ. ಮೂರು ಸಾಲಿನಲ್ಲಿ ಮುಗಿಯುವ ಇಂಥ ಸುಂದರ ಸಾಧನೆ ಸಂಖ್ಯಾಶಾಸ್ತ್ರದಲ್ಲೂ ಅಪರೂಪ.

ಉಳಿದದ್ದು 6700417. ಇದು ಅವಿಭಾಜ್ಯವೇ? ವರ್ಗಮೂಲ 2588ಕ್ಕಿಂತ ಸ್ವಲ್ಪ ಹೆಚ್ಚು. ಅಲ್ಲಿಯವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕಿಲ್ಲ. ಇದರ ಯಾವುದೇ ಅಪವರ್ತನವೂ 128ರ ಗುಣಕಕ್ಕಿಂತ ಒಂದು ಹೆಚ್ಚೇ ಇರಬೇಕು. 2588ರೊಳಗೆ ಅಂಥ ಅವಿಭಾಜ್ಯಗಳು ಐದೇ: 257, 641, 769, 1153, 1409. ಶೇಷಗಳು ಕ್ರಮವಾಗಿ 170, 44, 120, 334, 622. ಒಂದೂ ಸೊನ್ನೆಯಲ್ಲ. ಐದು ಭಾಗಾಕಾರಕ್ಕೆ ಏಳು ಅಂಕೆಯ ಸಂಖ್ಯೆ ಅವಿಭಾಜ್ಯವೆಂದು ಸಾಬೀತಾಯಿತು. ಮನೆಗೆ ಹೋಗಿ ಕಾಗದದ ಮೇಲೆ ಮಾಡಿ ನೋಡಿ, ಕಾಲು ಗಂಟೆಯ ಕೆಲಸ.

ಹೀಗೆ ಪೂರ್ತಿ ಉತ್ತರ:

18446744073709551615 = 3 × 5 × 17 × 257 × 641 × 65537 × 6700417.

ಏಳು ಅವಿಭಾಜ್ಯಗಳು, ಒಂದೂ ಎರಡು ಸಲ ಬಂದಿಲ್ಲ. ಪ್ರತಿಯೊಂದನ್ನೂ ಸೇರಿಸುವುದು ಅಥವಾ ಬಿಡುವುದು ಎಂಬ ಎರಡೇ ಆಯ್ಕೆ ಇರುವುದರಿಂದ ಒಟ್ಟು ಭಾಜಕಗಳು 2⁷, ಅಂದರೆ 128. ಅವುಗಳಲ್ಲಿ 641 ಮತ್ತು 6700417 ಎರಡೂ ಇಲ್ಲದವು 32. ಅದರಲ್ಲಿ 1ನ್ನು ಬಿಟ್ಟರೆ ಉಳಿಯುವ 31ಕ್ಕೆ ಒಂದು ವಿಶೇಷವಿದೆ: ಅಳತೆಯಿಲ್ಲದ ಪಟ್ಟಿ ಮತ್ತು ಕೈವಾರ ಮಾತ್ರ ಬಳಸಿ ಎಳೆಯಬಹುದು ಎಂದು ನಮಗೆ ತಿಳಿದಿರುವ ಬೆಸ ಬಾಹುಗಳ ಸಮಬಹುಭುಜಗಳು ಈ 31 ಮಾತ್ರ. ಹದಿಹರೆಯದ ಗೌಸ್ 1796ರಲ್ಲಿ 17 ಬಾಹುಗಳದ್ದು ಸಾಧ್ಯವೆಂದು ಕಂಡುಕೊಂಡ. ಪಟ್ಟಿಯ ಕೊನೆಯದು 4294967295 ಬಾಹುಗಳದ್ದು.

ಈಗ ಇದೇ ಸಂಖ್ಯೆಯನ್ನು ದ್ವಿಮಾನ ಪದ್ಧತಿಯಲ್ಲಿ ಬರೆಯೋಣ. 64 ಒಂದುಗಳು ಸಾಲಾಗಿ ನಿಲ್ಲುತ್ತವೆ, ಬೇರೇನೂ ಇಲ್ಲ. 3ರಿಂದ ಭಾಗಿಸಿದರೆ 6148914691236517205, ಅದರ ಬಿಟ್‌ಗಳು, ಅಂದರೆ ದ್ವಿಮಾನದ ಅಂಕೆಗಳು, 01 ಎಂಬುದೇ 32 ಸಲ. 5ರಿಂದ ಭಾಗಿಸಿದರೆ 0011 ಎಂಬುದು 16 ಸಲ. 17ರಿಂದ ಭಾಗಿಸಿದರೆ ನಾಲ್ಕು ಸೊನ್ನೆ ನಾಲ್ಕು ಒಂದು, 8 ಸಲ. ಕಂಬಳಿಯ ಪಟ್ಟೆಗಳ ಹಾಗೆ ಅಗಲ ದ್ವಿಗುಣವಾಗುತ್ತ ಹೋಗುತ್ತದೆ. ಒಂದು ಸಂಖ್ಯೆಯಲ್ಲಿ ಎಷ್ಟು ಒಂದುಗಳಿವೆ ಎಂದು ಕಂಪ್ಯೂಟರಿನಲ್ಲಿ ಎಣಿಸುವ ಪ್ರೋಗ್ರಾಂ ಬರೆದವರಿಗೆ ಈ ಭಾಗಲಬ್ಧಗಳು ಪರಿಚಿತ, ಅವೇ ಅಲ್ಲಿ ಬೇಕಾದ ಬಿಟ್‌ಗಳನ್ನಷ್ಟೇ ಉಳಿಸಿಕೊಳ್ಳಲು ಬಳಸುವ ಮಾಸ್ಕ್‌ಗಳು. ಮೊದಲ ಮಾಸ್ಕ್‌ನಿಂದ ಅಕ್ಕಪಕ್ಕದ ಬಿಟ್‌ಗಳನ್ನು ಕೂಡಿ, ಎರಡನೆಯದರಿಂದ ಅಕ್ಕಪಕ್ಕದ ಜೋಡಿಗಳನ್ನು, ಮೂರನೆಯದರಿಂದ ನಾಲ್ಕರ ಗುಂಪುಗಳನ್ನು ಕೂಡುತ್ತ ಆರು ಹಂತದಲ್ಲಿ ಮೊತ್ತ ಸಿಗುತ್ತದೆ. ಆರು ಹಂತಗಳಿಗೆ ಆರು ಫರ್ಮಾ ಸಂಖ್ಯೆಗಳು.

641ರಿಂದ ಭಾಗಿಸಿದರೆ ಮಾತ್ರ ಪಟ್ಟೆ ಇಲ್ಲ, ಬಿಟ್‌ಗಳು ಚೆಲ್ಲಾಪಿಲ್ಲಿ. ಆದರೂ ಈ ಜೋಡಿಗೆ ಅದರದೇ ಉಪಯೋಗವಿದೆ. 641 × 6700417 ಎಂಬುದು 2³²ಕ್ಕಿಂತ ಒಂದೇ ಹೆಚ್ಚು. ಆದ್ದರಿಂದ 32 ಬಿಟ್‌ನ ಯಾವ ಸಂಖ್ಯೆಯನ್ನಾದರೂ 641ರಿಂದ ಭಾಗಿಸಬೇಕಿದ್ದರೆ ಅದನ್ನು 6700417ರಿಂದ ಗುಣಿಸಿ 32 ಬಿಟ್ ಬಲಕ್ಕೆ ಸರಿಸಿದರೆ ಸಾಕು, ಭಾಗಲಬ್ಧ ಪ್ರತಿ ಸಲವೂ ಸರಿಯಾಗಿಯೇ ಬರುತ್ತದೆ. ಹೆಚ್ಚುವರಿ ಒಂದರಿಂದ ಆಗುವ ತಪ್ಪು 1/641ಕ್ಕಿಂತ ಕಡಿಮೆ, ಭಾಗಲಬ್ಧವನ್ನು ಮುಂದಿನ ಪೂರ್ಣಾಂಕಕ್ಕೆ ದಾಟಿಸುವಷ್ಟು ಅದಕ್ಕೆ ಬಲವಿಲ್ಲ. ಗುಣಲಬ್ಧ ಇಡಲು 64 ಬಿಟ್ ಜಾಗ ಬೇಕು ಎಂಬುದನ್ನು ಮರೆಯಬಾರದು.

ಈ ಸಂಖ್ಯೆಯನ್ನು ಕಂಪ್ಯೂಟರಿಗೆ ಕೊಟ್ಟಾಗ ಎಲ್ಲಿ ಎಡವುತ್ತೇವೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಎಕ್ಸೆಲ್‌ನ ಒಂದು ಕೋಶದಲ್ಲಿ 20 ಅಂಕೆಯನ್ನೂ ಟೈಪ್ ಮಾಡಿದರೆ ಮೊದಲ 15 ಅಂಕೆ ಮಾತ್ರ ಉಳಿಯುತ್ತವೆ. ಕೊನೆಯ ಐದು ಸೊನ್ನೆಯಾಗಿ 18446744073709500000 ಆಗುತ್ತದೆ. ಈ ಸಂಖ್ಯೆ ಸಮ, ನಮ್ಮದು ಬೆಸ. ಮುಂದಿನ ಲೆಕ್ಕವೆಲ್ಲ ಬೇರೆ ಯಾವುದೋ ಸಂಖ್ಯೆಯದು. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಗಳಲ್ಲಿ 53 ಬಿಟ್‌ಗಳಷ್ಟೇ ನಿಖರತೆ. ಅಲ್ಲಿ 2⁶⁴ − 1 ಎಂದು ಬರೆದರೆ ಕಳೆದ ಒಂದು ಕಳೆದೇ ಹೋಗಿ 2⁶⁴ ಉಳಿಯುತ್ತದೆ. ಆಮೇಲೆ 3, 5, 17 ಮೊದಲಾದ ಏಳರಲ್ಲಿ ಯಾವುದರಿಂದ ಭಾಗಿಸಿದರೂ ಶೇಷ 1 ಬರುತ್ತದೆ. ಏಳಕ್ಕೂ 1 ಬಂದರೆ ತಪ್ಪು ಎಲ್ಲಿದೆ ಎಂದು ತಕ್ಷಣ ಗೊತ್ತಾಗಬೇಕು. ದೊಡ್ಡ ಪೂರ್ಣಾಂಕಗಳಿಗೆಂದೇ ಅಲ್ಲಿರುವ ಬಿಗ್‌ಇಂಟ್ ಬಳಸಿದರೆ ಸರಿಹೋಗುತ್ತದೆ. ಚಿಹ್ನೆಯಿರುವ 64 ಬಿಟ್ ಪೂರ್ಣಾಂಕದಲ್ಲಿ ಇಟ್ಟರೆ 64 ಒಂದುಗಳನ್ನು ಯಂತ್ರ −1 ಎಂದು ಓದುತ್ತದೆ. ಪೈಥಾನ್‌ನಲ್ಲಿ ಪೂರ್ಣಾಂಕಕ್ಕೆ ಮಿತಿಯಿಲ್ಲ, ಅಲ್ಲಿ ಈ ತೊಂದರೆ ಬರುವುದಿಲ್ಲ. ಲಿನಕ್ಸ್‌ನಲ್ಲಿ ಫ್ಯಾಕ್ಟರ್ ಎಂಬ ಆದೇಶಕ್ಕೆ ಈ ಸಂಖ್ಯೆ ಕೊಟ್ಟರೆ ಏಳೂ ಅವಿಭಾಜ್ಯಗಳು ಕಣ್ಣು ಮಿಟುಕಿಸುವುದರೊಳಗೆ ಬರುತ್ತವೆ.

ಸ್ವಂತವಾಗಿ ಪ್ರೋಗ್ರಾಂ ಬರೆಯುವವರು ಮಾಡುವ ಇನ್ನೊಂದು ತಪ್ಪು: ಶುರುವಿನಲ್ಲೇ ವರ್ಗಮೂಲ ತೆಗೆದು ಅದನ್ನೇ ಮಿತಿಯಾಗಿ ಇಟ್ಟುಕೊಳ್ಳುವುದು. 2⁶⁴ − 1ರ ವರ್ಗಮೂಲ ಸುಮಾರು 429 ಕೋಟಿ, ಅದರೊಳಗೆ 20,32,80,221 ಅವಿಭಾಜ್ಯಗಳಿವೆ. ಎಲ್ಲದರಿಂದಲೂ ಭಾಗಿಸುತ್ತ ಕೂತರೆ ಕೆಲಸ ಎಳೆಯುತ್ತದೆ. ಅಪವರ್ತನ ಸಿಕ್ಕಿದ ಕೂಡಲೇ ಸಂಖ್ಯೆಯನ್ನು ಅದರಿಂದ ಭಾಗಿಸಿ, ಉಳಿದದ್ದರ ವರ್ಗಮೂಲವನ್ನು ಹೊಸದಾಗಿ ತೆಗೆಯಬೇಕು. 641ರವರೆಗೆ ಬಂದಾಗ ಉಳಿದಿರುವುದು 439125228929. 65537 ಸಿಕ್ಕಾಗ ಉಳಿಯುವುದು 6700417. ಅದರ ವರ್ಗಮೂಲವನ್ನು ನಾವು ಎಂದೋ ದಾಟಿ ಬಂದಿದ್ದೇವೆ, ಆದ್ದರಿಂದ ಅಲ್ಲೇ ಮುಗಿಯಿತು. 65537 ಎಂಬುದು 6,543ನೇ ಅವಿಭಾಜ್ಯ. ಇಪ್ಪತ್ತು ಕೋಟಿಗೂ ಮೀರಿದ ಭಾಗಾಕಾರ ಆರೂವರೆ ಸಾವಿರಕ್ಕೆ ಇಳಿಯಿತು, ಒಂದು ಸಾಲು ಬದಲಾಯಿಸಿದ್ದಕ್ಕೆ.

ಅವಿಭಾಜ್ಯವೇ ಎಂದು ಪರೀಕ್ಷಿಸುವಾಗಲೂ ಒಂದು ಗುಂಡಿಯಿದೆ. ಕಿರು ಪ್ರಮೇಯದ ಪರೀಕ್ಷೆಯನ್ನು 2ನ್ನು ಆಧಾರವಾಗಿಟ್ಟು ಮಾಡಿದರೆ, ಅಂದರೆ 2ನ್ನು ಆ ಸಂಖ್ಯೆಗಿಂತ ಒಂದು ಕಡಿಮೆಯ ಘಾತಕ್ಕೆ ಏರಿಸಿ ಶೇಷ 1 ಬರುತ್ತದೆಯೇ ಎಂದು ನೋಡಿದರೆ, 4294967297 ಅವಿಭಾಜ್ಯದ ಹಾಗೆಯೇ ನಡೆದುಕೊಳ್ಳುತ್ತದೆ. ಅದರಿಂದ ಭಾಗಿಸಿದಾಗ 2³²ಕ್ಕೆ ಶೇಷ −1, 2⁶⁴ಕ್ಕೆ 1. ಪರೀಕ್ಷೆಯ ಘಾತಾಂಕ 4294967296, ಅದು 64ರ ಗುಣಕ. ಹಾಗಾಗಿ ಶೇಷ 1 ಬಂದೇ ಬರುತ್ತದೆ. ಎಲ್ಲ ಫರ್ಮಾ ಸಂಖ್ಯೆಗಳಿಗೂ ಇದೇ ಗತಿ, ಅವು 2ರಿಂದಲೇ ಕಟ್ಟಿದವು. ಆಧಾರವನ್ನು 3ಕ್ಕೆ ಬದಲಿಸಿ, ಗುಟ್ಟು ಹೊರಬೀಳುತ್ತದೆ. ಫರ್ಮಾ ಸಂಖ್ಯೆಗಳಿಗೆಂದೇ ಇರುವ, ಇಂದು ಪೆಪಾಂ ಪರೀಕ್ಷೆ ಎಂದು ಕರೆಯುವ ವಿಧಾನ 3ನ್ನೇ ಬಳಸುತ್ತದೆ.

ಇಷ್ಟು ಕಷ್ಟಪಟ್ಟು ಏಳನ್ನೂ ಏಕೆ ಗೊತ್ತುಮಾಡಿಕೊಳ್ಳಬೇಕು? ಯಾದೃಚ್ಛಿಕ ಸಂಖ್ಯೆಗಳನ್ನು ಹೊರಡಿಸುವ ಪ್ರೋಗ್ರಾಂಗಳಲ್ಲಿ ಇದರ ಉತ್ತರವಿದೆ. 2003ರಲ್ಲಿ ಜಾರ್ಜ್ ಮಾರ್ಸಾಗ್ಲಿಯಾ ಪ್ರಕಟಿಸಿದ ಎಕ್ಸಾರ್‌ಶಿಫ್ಟ್ ವಿಧಾನದ 64 ಬಿಟ್ ರೂಪದಲ್ಲಿ ಮೂರೇ ಹೆಜ್ಜೆ: ಸಂಖ್ಯೆಯನ್ನು 13 ಬಿಟ್ ಎಡಕ್ಕೆ ಸರಿಸಿ ಮೂಲದೊಂದಿಗೆ ಎಕ್ಸಾರ್ ಮಾಡಿ (ಎರಡರ ಬಿಟ್‌ಗಳು ಬೇರೆಯಾದ ಕಡೆ 1, ಒಂದೇ ಆದ ಕಡೆ 0), ಬಂದದ್ದನ್ನು 7 ಬಿಟ್ ಬಲಕ್ಕೆ ಸರಿಸಿ ಹಾಗೆಯೇ ಮಾಡಿ, ಕೊನೆಗೆ 17 ಬಿಟ್ ಎಡಕ್ಕೆ. ಸೊನ್ನೆಯೊಂದನ್ನು ಬಿಟ್ಟು 64 ಬಿಟ್‌ನ ಪ್ರತಿ ಸಂಖ್ಯೆಯೂ ಒಂದೊಂದೇ ಸಲ ಬಂದು 2⁶⁴ − 1 ಹೆಜ್ಜೆಗಳ ನಂತರ ಸುತ್ತು ಪೂರ್ತಿಯಾಗುತ್ತದೆ. ಸೆಕೆಂಡಿಗೆ 100 ಕೋಟಿ ಹೊರಡಿಸಿದರೂ 584 ವರ್ಷ.

13, 7, 17ರ ಬದಲು ಬೇರೆ ಮೂರು ಸಂಖ್ಯೆ ಇಟ್ಟರೆ ಸುತ್ತು ಪೂರ್ತಿ ಉದ್ದವಿರುತ್ತದೆಯೇ ಎಂದು ನೋಡಲು ಯಾರೂ 584 ವರ್ಷ ಓಡಿಸುವುದಿಲ್ಲ. ಮೂರು ಹೆಜ್ಜೆಗಳನ್ನು ಒಂದು 64 × 64 ಕೋಷ್ಟಕವಾಗಿ ಬರೆದು, ಪಿಂಗಳನ ದಾರಿಯಲ್ಲೇ ವರ್ಗ ಮಾಡುತ್ತ ದೊಡ್ಡ ಘಾತಕ್ಕೆ ಏರಿಸುತ್ತಾರೆ. 2⁶⁴ − 1ನೇ ಘಾತಕ್ಕೆ ಏಕಕ ಕೋಷ್ಟಕ, ಅಂದರೆ ಯಾವ ಸಂಖ್ಯೆಯನ್ನೂ ಬದಲಿಸದೆ ಹಾಗೆಯೇ ಬಿಡುವ ಕೋಷ್ಟಕ, ಬರಬೇಕು. ಜೊತೆಗೆ 2⁶⁴ − 1ನ್ನು ಏಳು ಅವಿಭಾಜ್ಯಗಳಲ್ಲಿ ಪ್ರತಿಯೊಂದರಿಂದಲೂ ಭಾಗಿಸಿ ಬಂದ ಏಳು ಘಾತಗಳಿಗೆ ಏಕಕ ಬರಬಾರದು. ಎಂಟು ಲೆಕ್ಕ, ಅಷ್ಟೇ. ಆದರೆ ಪಟ್ಟಿಯಲ್ಲಿ ಒಂದು ಅವಿಭಾಜ್ಯ ತಪ್ಪಿದರೂ ಪರೀಕ್ಷೆ ಸುಳ್ಳು ಹೇಳುತ್ತದೆ. ಫರ್ಮಾನಂತೆ 4294967297ನ್ನೇ ಅವಿಭಾಜ್ಯವೆಂದು ನಂಬಿದ್ದೇವೆ ಎನ್ನಿ. ಆಗ ನಿಜವಾದ ಸುತ್ತು 6700417 ಪಟ್ಟು ಚಿಕ್ಕದಿದ್ದು 2753074036095 ಹೆಜ್ಜೆಗೆ ಮುಗಿಯುವ ವಿಧಾನವೂ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಅದೇ ವೇಗದಲ್ಲಿ ಅದು 46 ನಿಮಿಷಕ್ಕೆ ಖಾಲಿ, ಆಮೇಲೆ ಹಳೆಯ ಸಂಖ್ಯೆಗಳೇ ಹಳೆಯ ಕ್ರಮದಲ್ಲಿ ಬರುತ್ತವೆ. 1732ರ ಒಂದು ಅಪವರ್ತನ ಇಂದಿನ ಪ್ರೋಗ್ರಾಮಿನಲ್ಲಿ 584 ವರ್ಷವನ್ನೂ 46 ನಿಮಿಷವನ್ನೂ ಬೇರ್ಪಡಿಸುತ್ತದೆ.

ಪಕ್ಕದ ಸಂಖ್ಯೆಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಮೂರೇ ಸಲ ದ್ವಿಗುಣ ಮಾಡಿದರೆ ಬರುವ 2⁶⁷ − 1ನ್ನು ನೋಡಿ: 147573952589676412927. 67 ಅವಿಭಾಜ್ಯವಾದ್ದರಿಂದ ವರ್ಗಗಳ ವ್ಯತ್ಯಾಸದ ಸೂತ್ರ ಇಲ್ಲಿ ಓಡುವುದಿಲ್ಲ. 1644ರಲ್ಲಿ ಮೆರ್ಸೆನ್ ಇದನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ. 1876ರಲ್ಲಿ ಲ್ಯೂಕಾ ಇದು ಸಂಯುಕ್ತವೆಂದು ತೋರಿಸಿದರೂ ಅಪವರ್ತನ ಕೊಡಲಾಗಲಿಲ್ಲ. 1903ರಲ್ಲಿ ಫ್ರ್ಯಾಂಕ್ ನೆಲ್ಸನ್ ಕೋಲ್ 193707721 × 761838257287 ಎಂದು ಒಡೆದು ತೋರಿಸಿದ. ಇದರ ಅಪವರ್ತನಗಳು 134ರ ಗುಣಕಕ್ಕಿಂತ ಒಂದು ಹೆಚ್ಚಿರಬೇಕು ಎಂಬ ನಿಯಮ ಇಲ್ಲೂ ಇದೆ. ಆದರೆ ಚಿಕ್ಕ ಅಪವರ್ತನ ಸಿಗುವುದು 134ನ್ನು 14,45,580ರಿಂದ ಗುಣಿಸಿದ ಮೇಲೆ. 641 ಸಿಕ್ಕಿದ್ದು 128ನ್ನು ಬರೇ 5ರಿಂದ ಗುಣಿಸಿದಾಗ.

ಇನ್ನೂ ಹತ್ತಿರದ್ದು 2⁶⁴ + 1, ನಮ್ಮ ಸಂಖ್ಯೆಗಿಂತ ಎರಡೇ ಹೆಚ್ಚು. ಏಳರ ಬದಲು ಅದಕ್ಕೆ ಎರಡೇ ಅವಿಭಾಜ್ಯ: 274177 × 67280421310721. ಥಾಮಸ್ ಕ್ಲಾಸೆನ್ 1855ರಲ್ಲೇ ಗೌಸ್‌ಗೆ ಬರೆದ ಪತ್ರದಲ್ಲಿ ಇದನ್ನು ತಿಳಿಸಿದ್ದ, ಆದರೆ ಅದು ಬೆಳಕಿಗೆ ಬರಲಿಲ್ಲ. 80 ದಾಟಿದ ವಯಸ್ಸಿನಲ್ಲಿ ಫಾರ್ಚ್ಯುನೆ ಲಾಂಡ್ರಿ 1880ರಲ್ಲಿ ಪ್ರಕಟಿಸಿದ. 256ರ ಗುಣಕಕ್ಕಿಂತ ಒಂದು ಹೆಚ್ಚಿರುವ ಸಾಲಿನಲ್ಲಿ 274177 ಎಂಬುದು 1071ನೆಯದು. ಹುಡುಕಲು ತಾಳ್ಮೆ ಬೇಕು, ಸರಿನೋಡಲು ಬೇಡ. 2³² ಅಂದರೆ 4294967296ನ್ನು 274177ರಿಂದ ಭಾಗಿಸಿ, ಶೇಷ 258768. ಅದು 274177ಕ್ಕೆ 15409 ಕಡಿಮೆ, ಆದ್ದರಿಂದ ಶೇಷವನ್ನು −15409 ಎಂದು ಬರೆದುಕೊಳ್ಳಿ. ಇನ್ನೊಂದು ಸಲ ವರ್ಗ ಮಾಡಿದರೆ 2⁶⁴ರ ಶೇಷ ಬರುತ್ತದೆ: 15409ರ ವರ್ಗ 237437281. ಈಗ 274177ನ್ನು 866ರಿಂದ ಗುಣಿಸಿ: 237437282. ಇದು ಆ ವರ್ಗಕ್ಕಿಂತ ಒಂದೇ ಹೆಚ್ಚು, ಆದ್ದರಿಂದ 2⁶⁴ಕ್ಕೆ ಶೇಷ −1, 2⁶⁴ + 1ಕ್ಕೆ ಸೊನ್ನೆ.